ಮಗನನ್ನು ಸೋಲಿಸಿದ ಅಪ್ಪ

ಟಿ.ವಿ.ಯವರಿಗೆ ಹೋಲಿಕೆ ಅಂದ್ರೆ ಪಂಚಪ್ರಾಣ. ಪರದೆಯನ್ನು ನಟ್ಟನಡುವೆ ಸೀಳು, ಎಡಕ್ಕೊಬ್ಬನನ್ನು ಕೂರಿಸು, ಬಲಕ್ಕೊಬ್ಬನನ್ನು ಕೂರಿಸು, ಕೆಳಗೆ ಅಂಕಿ ಓಡಿಸು. ಚುನಾವಣೆಯಾದರೂ ಅಷ್ಟೆ, ಕ್ರಿಕೆಟ್ಟಾದರೂ ಅಷ್ಟೆ. ಯಾರ ಅಂಕಿ ದೊಡ್ಡದೋ ಅವರ ಕಡೆ ಹಸಿರು ಬಾಣ. ಇವತ್ತು ಅದೇ ಪರದೆಯ ಮೇಲೆ ಎರಡು ಕಾರು ನಿಲ್ಲಿಸೋಣ. ಎರಡಕ್ಕೂ ಹೆಸರು ಒಂದೇ. ಹೋಂಡಾ ಎನ್‌ಎಸ್‌ಎಕ್ಸ್. ಅಮೆರಿಕದಲ್ಲಿ ಅಕ್ಯುರಾ ಅನ್ನೋ ಬ್ರ್ಯಾಂಡಿನಲ್ಲಿ ಮಾರಿದರು, ಕಾರು ಅದೇ.

ಎಡಗಡೆ 1990ರದ್ದು. 3 ಲೀಟರಿನ ವಿ6 ಇಂಜಿನ್, ಅಮೆರಿಕದ ಲೆಕ್ಕದಲ್ಲಿ 270 ಅಶ್ವಶಕ್ತಿ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ಐದು ಸೆಕೆಂಡಿನ ಮೇಲೆ ಬೇಕು. ಬಲಗಡೆ 2016ರದ್ದು. 3.5 ಲೀಟರ್, ಎರಡು ಟರ್ಬೊ, ಜೊತೆಗೆ ಮೂರು ವಿದ್ಯುತ್ ಮೋಟಾರು, ಎಲ್ಲ ಸೇರಿ 573 ಅಶ್ವಶಕ್ತಿ. ನೂರು ಮುಟ್ಟಲು ಮೂರು ಸೆಕೆಂಡಿನ ಆಸುಪಾಸು. ಎಲ್ಲ ಹಸಿರು ಬಾಣವೂ ಬಲಗಡೆಗೇ. ಕಾರ್ಯಕ್ರಮ ಮುಗೀತು, ಬ್ರೇಕ್ ತಗೊಳ್ಳೋಣ ಅನ್ನಬಹುದು.

ಆದರೆ ಇನ್ನೊಂದು ಅಂಕಿ ಇದೆ. ಎಡಗಡೆಯ ಕಾರು 2005ರವರೆಗೆ, ಹದಿನೈದು ವರ್ಷದಲ್ಲಿ, 18,000ಕ್ಕೂ ಹೆಚ್ಚು ಮಾರಾಟವಾಯಿತು. ಬಲಗಡೆಯದು ಆರೇ ವರ್ಷಕ್ಕೆ, ಮೂರು ಸಾವಿರವನ್ನೂ ಮುಟ್ಟದೆ, 2022ರಲ್ಲಿ ನಿಂತುಹೋಯಿತು. ಎರಡು ಪಟ್ಟು ಶಕ್ತಿಯ ಮಗ ಅಪ್ಪನ ಎದುರು ಹೀಗೆ ಮಣ್ಣುಮುಕ್ಕಿದ್ದು ಯಾಕೆ? ಇಂಜಿನಿಯರಿಂಗ್ ಓದಿ ಮೈಕ್ ಹಿಡಿದವನು ನಾನು. ಹಳೇ ವಿದ್ಯೆ ಕೈಕಚ್ಚುತ್ತೆ. ಇದಕ್ಕೆ ಉತ್ತರ ಹುಡುಕದೆ ಬಿಡೋಕೆ ಆಗಲಿಲ್ಲ.

ಎಂಬತ್ತರ ದಶಕಕ್ಕೆ ಹೋಗೋಣ. ಆಗ ಸೂಪರ್ ಕಾರು ಅಂದ್ರೆ ಇಟಲಿ. ಇಟಲಿಯ ಕಾರು ಅಂದ್ರೆ ತಾಪತ್ರಯ. ಲ್ಯಾಂಬೊರ್ಗಿನಿ ಕೌಂಟಾಶ್ ಗೊತ್ತಲ್ಲ, ಗೋಡೆಗಳ ಮೇಲೆ ಪೋಸ್ಟರ್ ಆಗಿದ್ದ ಕಾರು? ಅದರಲ್ಲಿ ಹಿಂದೇನೂ ಕಾಣೋದಿಲ್ಲ. ರಿವರ್ಸ್ ತೆಗೆಯಬೇಕು ಅಂದ್ರೆ ಬಾಗಿಲು ಮೇಲೆತ್ತಿ, ಹೊಸ್ತಿಲ ಮೇಲೆ ಅರ್ಧ ಕೂತು, ಕತ್ತು ಹೊರಗೆ ಹಾಕಿ ನೋಡಬೇಕು. 1989ರಲ್ಲಿ ಬಂದ ಫೆರಾರಿ 348ರಲ್ಲಿ ಟೈಮಿಂಗ್ ಬೆಲ್ಟ್ ಬದಲಿಸಬೇಕಾದರೆ ಇಡೀ ಇಂಜಿನ್ನನ್ನೇ ಕೆಳಗಿಳಿಸಬೇಕು. ಬೆಲ್ಟಿಗಿಂತ ಕೂಲಿ ದುಬಾರಿ! ಇಷ್ಟೆಲ್ಲ ಇದ್ದರೂ ಕೊಂಡವರು ದೂರಲಿಲ್ಲ. ಕಷ್ಟಪಟ್ಟರೇ ದೈವದರ್ಶನ, ಸುಲಭಕ್ಕೆ ಸಿಕ್ಕರೆ ಅದೆಂಥಾ ದೇವರು ಅನ್ನೋ ಭಾವನೆ. ಸೂಪರ್ ಕಾರು ಸತಾಯಿಸಲೇಬೇಕು ಅನ್ನೋದು ಅಲಿಖಿತ ನಿಯಮವಾಗಿತ್ತು.

ಹೋಂಡಾ ಆಗ ಏನು ಮಾಡುತ್ತಿತ್ತು? ಸಿವಿಕ್, ಅಕಾರ್ಡ್ ಥರದ ಮನೆಮಂದಿಯ ಕಾರು, ಮತ್ತೆ ಬೈಕು. ಅದೇ ಹೊತ್ತಿಗೆ ಫಾರ್ಮುಲಾ ಒನ್ ರೇಸಿಗೆ ಇಂಜಿನ್ ಕೊಡುತ್ತಿತ್ತು. 1988ರಲ್ಲಿ ಮೆಕ್‌ಲಾರೆನ್ ಹೋಂಡಾ ತಂಡ 16 ರೇಸುಗಳಲ್ಲಿ 15 ಗೆದ್ದಿತು. ಅಂದರೆ ಜಗತ್ತಿನ ಅತಿ ವೇಗದ ಇಂಜಿನ್ ಕಟ್ಟೋದು ಗೊತ್ತು, ಬೆಳಿಗ್ಗೆ ಕೀಲಿ ತಿರುಗಿಸಿದರೆ ತಕರಾರಿಲ್ಲದೆ ಎದ್ದೇಳುವ ಇಂಜಿನ್ ಕಟ್ಟೋದೂ ಗೊತ್ತು. ಎರಡೂ ವಿದ್ಯೆ ಒಂದೇ ಮನೆಯಲ್ಲಿರೋದು ಅಪರೂಪ. ಶಿಗೆರು ಉಹೆರಾ ಅನ್ನುವ ಇಂಜಿನಿಯರ್ ಮುಂದಾಳತ್ವದಲ್ಲಿ ಕೆಲಸ ಶುರುವಾಯಿತು. ಗುರಿ ಒಂದೇ ಸಾಲಿನಲ್ಲಿ ಹೇಳುವಂಥದ್ದು: ಫೆರಾರಿಯ ವಿ8 ಕಾರಿನಷ್ಟು ಓಡಬೇಕು, ಹೋಂಡಾದಷ್ಟು ನಂಬಿಕೆಗೆ ಅರ್ಹವಾಗಿರಬೇಕು.

ಈ ಒಂದು ಸಾಲು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತೆ.

ಶಕ್ತಿ ಹೆಚ್ಚಿಸೋಕೆ ಸುಲಭದ ದಾರಿ ದೊಡ್ಡ ಇಂಜಿನ್. ಅವರು ಆ ದಾರಿ ಹಿಡಿಯದೆ ತೂಕ ಇಳಿಸೋಕೆ ಹೊರಟರು. ಇಡೀ ಮೈಯನ್ನು ಅಲ್ಯುಮಿನಿಯಂನಲ್ಲಿ ಕಟ್ಟಿದರು. ಕಾರಿನ ಅಸ್ಥಿಪಂಜರವೂ ಚರ್ಮವೂ ಒಂದೇ ಆಗಿರುವ ಮೊನೊಕಾಕ್ ರಚನೆ ಪೂರ್ತಿ ಅಲ್ಯುಮಿನಿಯಂನಲ್ಲಿ, ಮಾರಾಟಕ್ಕೆ ಇಷ್ಟು ಸಂಖ್ಯೆಯಲ್ಲಿ ತಯಾರಾದದ್ದು ಅದೇ ಮೊದಲು. ಉಕ್ಕಿನಲ್ಲಿ ಕಟ್ಟಿದ್ದರೆ ಮೈ ಸುಮಾರು 140 ಕಿಲೋ ಹೆಚ್ಚು ತೂಗುತ್ತಿತ್ತು. ನಮ್ಮ ಮನೆಯ ಪಾತ್ರೆಯ ಲೋಹವೇ, ಅದರಲ್ಲೇನು ಕಷ್ಟ ಅನ್ನಬಹುದು. ಅಲ್ಯುಮಿನಿಯಂ ಬೆಸೆಯೋದು ಉಕ್ಕು ಬೆಸೆದ ಹಾಗಲ್ಲ ಸ್ವಾಮಿ. ಶಾಖ ಬೇಗ ಹರಿದುಹೋಗುತ್ತೆ, ಹಾಗಾಗಿ ಬೆಸುಗೆಗೆ ಭಾರೀ ವಿದ್ಯುತ್ ಬೇಕು. ಅಚ್ಚಿಗೆ ಒತ್ತಿದರೆ ಬೇಗ ಸೀಳುತ್ತೆ. ಜಪಾನಿನ ತೊಚಿಗಿಯಲ್ಲಿ ಇದಕ್ಕೆಂದೇ ಬೇರೆ ಕಾರ್ಖಾನೆ ಹಾಕಿ, ಸುಮಾರು ಇನ್ನೂರು ನುರಿತ ಕೆಲಸಗಾರರನ್ನು ಆರಿಸಿ ಕೂರಿಸಿದರು. ದಿನಕ್ಕೆ ಹೆಚ್ಚೆಂದರೆ 25 ಕಾರು.

ಇಂಜಿನ್ನಿನದೇ ಒಂದು ಕಥೆ. ಮೊದಮೊದಲು ಹಾಕಿದ್ದು ಲೆಜೆಂಡ್ ಅನ್ನುವ ಸೆಡಾನಿನಿಂದ ಬಂದ ವಿ6. ಆ ಹೊತ್ತಿಗೆ ಹೋಂಡಾದ ಇನ್ನೊಂದು ತಂಡ ವಿ-ಟೆಕ್ ಕಂಡುಹಿಡಿದಿತ್ತು. ನಮ್ಮ ರಸ್ತೆಗಳಲ್ಲಿ ಹಳೇ ಹೋಂಡಾ ಸಿಟಿಯ ಬೆನ್ನ ಮೇಲೆ ಬರೆದಿರುತ್ತಿತ್ತಲ್ಲ, ಅದೇ ವಿ-ಟೆಕ್. ಇಂಜಿನ್ ಉಸಿರಾಡೋದು ವಾಲ್ವುಗಳಿಂದ. ಚಾಮುಂಡಿ ಬೆಟ್ಟದ ಬುಡದಲ್ಲಿ ನಡೆಯುವಾಗ ಮೂಗಿನ ಉಸಿರು ಸಾಕು. ಮೆಟ್ಟಿಲು ಹತ್ತುತ್ತಾ ಹೋದ ಹಾಗೆ ಬಾಯಿ ತೆರೆಯಲೇಬೇಕು. ಮಾಮೂಲಿ ಇಂಜಿನ್ನಿಗೆ ಎರಡರಲ್ಲಿ ಒಂದೇ ಭಾಗ್ಯ. ವಿ-ಟೆಕ್ ಇದ್ದರೆ ನಿಧಾನಕ್ಕೆ ಹೋಗುವಾಗ ವಾಲ್ವು ಕಡಿಮೆ ತೆರೆಯುತ್ತೆ. ಎನ್‌ಎಸ್‌ಎಕ್ಸ್‌ನಲ್ಲಿ ನಿಮಿಷಕ್ಕೆ 5,800 ಸುತ್ತು ದಾಟಿದ ಕೂಡಲೇ ಎಣ್ಣೆಯ ಒತ್ತಡದಿಂದ ಒಂದು ಪುಟ್ಟ ಪಿನ್ನು ಸರಿದು, ಬೇರೆ ಕ್ಯಾಮು ಕೆಲಸಕ್ಕೆ ಇಳಿದು, ವಾಲ್ವು ಅಗಲವಾಗಿ ಬಾಯಿ ತೆರೆಯುತ್ತೆ. ಕಂಪನಿಯ ಅಧ್ಯಕ್ಷ ತದಾಶಿ ಕುಮೆ ಸ್ವತಃ ಇಂಜಿನ್ ಇಂಜಿನಿಯರ್. ನಮ್ಮ ಅತ್ಯುತ್ತಮ ಕಾರಿಗೆ ನಮ್ಮ ಅತ್ಯುತ್ತಮ ವಿದ್ಯೆ ಯಾಕಿಲ್ಲ ಅಂತ ಕೇಳಿಬಿಟ್ಟರು. ಕಾರಿನ ರೂಪ ಬಹುತೇಕ ನಿಂತಿತ್ತು. ಹೊಸ ಇಂಜಿನ್ ತಲೆ ದಪ್ಪ, ಜಾಗ ಸಾಲದು. ಆದರೂ ಕಾರಿನ ಅಳತೆಯನ್ನೇ ತಿದ್ದಿ ಕೂರಿಸಿದರು. ಟೈಟಾನಿಯಂ ಕನೆಕ್ಟಿಂಗ್ ರಾಡ್ ಹಾಕಿದರು, ಮಾರಾಟದ ಕಾರಿಗೆ ಅದೂ ಮೊದಲು. ಇಂಜಿನ್ 8,000 ಸುತ್ತಿನವರೆಗೆ ಹಾಡುತ್ತಿತ್ತು.

ಈಗ ನನಗೆ ಬಹಳ ಇಷ್ಟವಾದ ಭಾಗ. 1989ರ ಫೆಬ್ರವರಿ, ಜಪಾನಿನ ಸುಜುಕಾ ಟ್ರ್ಯಾಕ್. ಮೆಕ್‌ಲಾರೆನ್ ಹೋಂಡಾದ ಚಾಲಕ, ಆಗಿನ ವಿಶ್ವ ಚಾಂಪಿಯನ್ ಐರ್ಟನ್ ಸೆನ್ನಾ ಪರೀಕ್ಷೆಗೆಂದು ಅಲ್ಲಿಗೆ ಬಂದಿದ್ದರು. ಕಾರಿನ ಮಾದರಿ ಕೊಟ್ಟು ಒಮ್ಮೆ ಓಡಿಸಿ ನೋಡಿ ಅಂದರು. ಓಡಿಸಿ ಇಳಿದ ಸೆನ್ನಾ, ಕಾರು ಯಾಕೋ ಸ್ವಲ್ಪ ಮೆತ್ತಗಿದೆ, ಗಟ್ಟಿತನ ಸಾಲದು ಅನ್ನೋ ಅರ್ಥದ ಮಾತು ಹೇಳಿದರು. ಎಷ್ಟೋ ವರ್ಷ ದುಡಿದವರಿಗೆ ಹೇಗಾಗಿರಬೇಡ? ದೊಡ್ಡವರು ಬಂದ ದಿನ ಸಾರಿಗೆ ಉಪ್ಪು ಕಡಿಮೆ ಅನ್ನಿಸಿಕೊಂಡ ಹಾಗೆ. ಆದರೆ ಉಹೆರಾ ತಂಡ ಮುನಿಸಿಕೊಳ್ಳಲಿಲ್ಲ. ಕಾರನ್ನು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ಗೆ ಒಯ್ದು, ಅಲ್ಲೇ ತಿಂಗಳುಗಟ್ಟಲೆ ಠಿಕಾಣಿ ಹೂಡಿ, ಓಡಿಸು, ಬಿಚ್ಚು, ಬಲಪಡಿಸು, ಮತ್ತೆ ಓಡಿಸು ಅಂತ ಕೂತರು. ಕೊನೆಗೆ ಮೈಯ ಗಡಸುತನ ಶೇ. 50ರಷ್ಟು ಏರಿತ್ತು. ಮುಂದೆ ಇದೇ ಸೆನ್ನಾ ಸುಜುಕಾದಲ್ಲಿ ಎನ್‌ಎಸ್‌ಎಕ್ಸ್ ಓಡಿಸುವ ವಿಡಿಯೊ ಬಂತು. ರೇಸಿನ ಬೂಟಿಲ್ಲ, ಬಿಳಿ ಕಾಲುಚೀಲ, ಆಫೀಸಿಗೆ ಹಾಕುವಂಥ ಷೂ. ಆ ಷೂ ಪೆಡಲುಗಳ ಮೇಲೆ ಕುಣಿಯೋದನ್ನು ನೋಡಿಯೇ ನೋಡಬೇಕು. ಹೋಂಡಾದವರು ಕಾರು ಕಟ್ಟಿದ್ದೂ ಇದಕ್ಕೇ ಅಲ್ಲವೇ, ಆಫೀಸಿನ ಷೂ ಹಾಕಿಕೊಂಡೇ ಓಡಿಸಬಹುದಾದ ಸೂಪರ್ ಕಾರು.

1990ರಲ್ಲಿ ಬಂತು. ಅಮೆರಿಕದಲ್ಲಿ ಬೆಲೆ ಸುಮಾರು 60,000 ಡಾಲರ್, ಫೆರಾರಿಗಿಂತ ಎಷ್ಟೋ ಕಡಿಮೆ. ಯುದ್ಧವಿಮಾನದ ಕಾಕ್‌ಪಿಟ್ ನೋಡಿ ಕಲಿತು ಮಾಡಿದ ಗಾಜು, ಸುತ್ತ ಎಲ್ಲ ಕಾಣುತ್ತೆ. ಹಿಂದೆ ಡಿಕ್ಕಿ ಇದೆ, ಎ.ಸಿ. ಕೆಲಸ ಮಾಡುತ್ತೆ. ನಗಬೇಡಿ, ಆ ಜಾತಿಯ ಕಾರಿನಲ್ಲಿ ಎ.ಸಿ. ಕೆಲಸ ಮಾಡೋದೇ ಒಂದು ಸುದ್ದಿ!

ಇದರ ನಿಜವಾದ ಪರಿಣಾಮ ಆದದ್ದು ಕೊಂಡವರ ಮೇಲಲ್ಲ, ಬೇರೆ ಕಾರು ಕಟ್ಟುವವರ ಮೇಲೆ. ಗಾರ್ಡನ್ ಮರ್ರೆ ಅನ್ನುವವರು ಆಗ ಮೆಕ್‌ಲಾರೆನ್ ಎಫ್1 ರಸ್ತೆ ಕಾರಿನ ವಿನ್ಯಾಸ ಮಾಡುತ್ತಿದ್ದರು, ಮುಂದೆ 1998ರಲ್ಲಿ ಗಂಟೆಗೆ 386 ಕಿಲೋಮೀಟರ್ ಮುಟ್ಟಿ ದಾಖಲೆ ಬರೆದ ಕಾರು ಅದು. ಅವರು ಫೆರಾರಿ, ಪೋರ್ಶೆ, ಲ್ಯಾಂಬೊರ್ಗಿನಿ ಎಲ್ಲವನ್ನೂ ಅಳತೆಗೋಲಾಗಿ ಇಟ್ಟುಕೊಂಡಿದ್ದರು. ಎನ್‌ಎಸ್‌ಎಕ್ಸ್ ಓಡಿಸಿದ ಮೇಲೆ ಅವೆಲ್ಲವನ್ನೂ ಪಕ್ಕಕ್ಕಿಟ್ಟರು. ತಮ್ಮ ಕಾರಿನ ಸವಾರಿ, ನಿಯಂತ್ರಣ ಹೀಗಿರಬೇಕು ಅಂತ ಗುರಿ ಬದಲಿಸಿಕೊಂಡರು. ತಾವೂ ಒಂದು ಎನ್‌ಎಸ್‌ಎಕ್ಸ್ ಕೊಂಡು ವರ್ಷಗಟ್ಟಲೆ ದಿನಬಳಕೆಗೆ ಓಡಿಸಿದರು. ಎಫ್1ಗೆ ಇಂಜಿನ್ ಕಟ್ಟಿಕೊಡಿ ಅಂತ ಹೋಂಡಾವನ್ನೇ ಕೇಳಿದ್ದರು. ಹೋಂಡಾ ಒಲ್ಲೆ ಅಂದಿತು, ಬಿಎಂಡಬ್ಲ್ಯು ಕಟ್ಟಿಕೊಟ್ಟಿತು. ಇನ್ನು ಫೆರಾರಿ. 348ರ ಮೇಲೆ ಬಂದ ಟೀಕೆ ಅವರಿಗೆ ನಾಟಿತು. 1994ರಲ್ಲಿ ಬಂದ ಎಫ್355 ಬೇರೆಯೇ ಕಾರು, ಓಡಿಸುವವನಿಗೆ ಮರ್ಯಾದೆ ಕೊಡುವ ಕಾರು. ಅದರ ಹಿಂದೆ ಎನ್‌ಎಸ್‌ಎಕ್ಸ್ ಕೊಟ್ಟ ಚುಚ್ಚು ಇದೆ ಅನ್ನುವವರು ಬಹಳ ಜನ. ನಾನೂ ಆ ಗುಂಪಿನವನೇ. ಅಲ್ಲಿಂದ ಮುಂದೆ ಸತಾಯಿಸುವ ಸೂಪರ್ ಕಾರಿಗೆ ಕಾಲ ಮುಗಿಯುತ್ತಾ ಬಂತು. ಇವತ್ತು ಲ್ಯಾಂಬೊರ್ಗಿನಿ ಕೊಂಡವರು ಬೆಂಗಳೂರಿನ ಟ್ರಾಫಿಕ್ಕಿನಲ್ಲೂ ಓಡಿಸುತ್ತಾರೆ. ಅದನ್ನು ಸಾಧ್ಯ ಮಾಡಿದವರ ಪಟ್ಟಿಯಲ್ಲಿ ಈ ಜಪಾನಿ ಕಾರಿನ ಹೆಸರು ಮೇಲೇ ಇರಬೇಕು.

ಹಾಗಂತ ಅಪ್ಪನ ಬಾಳೆಲ್ಲ ಹೂವಿನ ಹಾಸಿಗೆಯಾಗಿತ್ತು ಅಂತೇನಿಲ್ಲ. ಕಾರು ಬಂದ ಬೆನ್ನಿಗೇ ಜಪಾನಿನ ಆರ್ಥಿಕ ಗುಳ್ಳೆ ಒಡೆಯಿತು. 1991ರ ಆಗಸ್ಟಿನಲ್ಲಿ ಸಂಸ್ಥಾಪಕ ಸೊಯಿಚಿರೊ ಹೋಂಡಾ ತೀರಿಕೊಂಡರು. ಮೊದಲ ಭರಾಟೆ ಇಳಿದ ಮೇಲೆ ಮಾರಾಟ ಕುಸಿಯಿತು. ಕೊನೆಕೊನೆಗೆ ಅಮೆರಿಕದಲ್ಲಿ ವರ್ಷಕ್ಕೆ ಇನ್ನೂರು ಮುನ್ನೂರು ಕಾರು ಹೋದರೆ ಹೆಚ್ಚು. 1997ರಲ್ಲಿ ಇಂಜಿನ್ 3.2 ಲೀಟರ್ ಆಯಿತು, 2002ರಲ್ಲಿ ಮುಖ ಬದಲಾಯಿತು, ಅಷ್ಟೆ. ಹದಿನೈದು ವರ್ಷ ಮೂಲ ಕಾರು ಅದೇ. ಆ ಕಾರ್ಖಾನೆಯಲ್ಲಿ ಕಲಿತ ಅಲ್ಯುಮಿನಿಯಂ ವಿದ್ಯೆ ಮಾತ್ರ ವ್ಯರ್ಥವಾಗಲಿಲ್ಲ. 1999ರಲ್ಲಿ ಹೋಂಡಾ ತಂದ ಇನ್‌ಸೈಟ್ ಅನ್ನುವ ಪುಟ್ಟ ಹೈಬ್ರಿಡ್ ಕಾರಿನ ಮೈಯೂ ಅಲ್ಯುಮಿನಿಯಂ, ಅದು ತಯಾರಾದದ್ದೂ ಅಲ್ಲೇ.

ಈಗ ಮಗನ ಜಾತಕ ನೋಡಿ. ಹುಟ್ಟುವ ಮೊದಲೇ ಮೂರು ಸಲ ಹಣೆಬರಹ ತಿದ್ದಿದ ಜಾತಕ.

ಮೊದಲ ಸಲ, 2007ರಲ್ಲಿ, ಮುಂದೆ ವಿ10 ಇಂಜಿನ್ ಇಟ್ಟ ಒಂದು ಮಾದರಿ ಡೆಟ್ರಾಯಿಟ್ ಪ್ರದರ್ಶನದಲ್ಲಿ ಬಂತು. 2008ರಲ್ಲಿ ಜಗತ್ತಿನ ಬ್ಯಾಂಕುಗಳು ಮುಗ್ಗರಿಸಿದವು, ಆ ಡಿಸೆಂಬರಿನಲ್ಲಿ ಹೋಂಡಾ ಆ ಯೋಜನೆಯನ್ನೂ ಕೈಬಿಟ್ಟಿತು, ಫಾರ್ಮುಲಾ ಒನ್ನಿನಿಂದಲೂ ಎದ್ದುಬಂತು. ರಸ್ತೆಗೆ ಬರಬೇಕಿದ್ದ ಆ ಕಾರು ಎಚ್‌ಎಸ್‌ವಿ-010 ಅನ್ನೋ ಹೆಸರಲ್ಲಿ ಬರೀ ರೇಸ್ ಕಾರಾಗಿ, 2010ರ ಜಪಾನಿನ ಸೂಪರ್ ಜಿಟಿ ಪಟ್ಟ ಗೆದ್ದುಬಿಟ್ಟಿತು! ಅಂಗಡಿಯಲ್ಲಿ ಸಿಗದ ಕಾರು, ಟ್ರ್ಯಾಕಿನಲ್ಲಿ ಚಾಂಪಿಯನ್. ಎರಡನೇ ಸಲ, 2012ರಲ್ಲಿ, ಅದೇ ಡೆಟ್ರಾಯಿಟ್‌ನಲ್ಲಿ ಹೊಸ ಮಾದರಿ. ಈ ಸಲ ಇಂಜಿನ್ ನಡುವೆ, ಅಡ್ಡಲಾಗಿ, ಟರ್ಬೊ ಇಲ್ಲ, ಜೊತೆಗೆ ವಿದ್ಯುತ್ ಮೋಟಾರು. ಅದೇ ವರ್ಷದ ಅವೆಂಜರ್ಸ್ ಸಿನಿಮಾದಲ್ಲಿ ಟೋನಿ ಸ್ಟಾರ್ಕ್ ಪಾತ್ರಕ್ಕೆ ಇದರ ತೆರೆದ ಛಾವಣಿಯ ರೂಪ ಕೊಟ್ಟು ಸುದ್ದಿ ಮಾಡಿದರು. ಮೂರನೇ ಸಲ, ಅಷ್ಟು ಶಕ್ತಿ ಸಾಲದು ಅಂತ, ಇಂಜಿನ್ನನ್ನು ಉದ್ದಕ್ಕೆ ತಿರುಗಿಸಿ ಎರಡು ಟರ್ಬೊ ಹಾಕಿದರು. ಅಂದರೆ ಕಾರಿನ ಹೊಟ್ಟೆಯನ್ನು ಮತ್ತೆ ಪೂರ್ತಿ ಬಿಚ್ಚಿದ ಹಾಗೆ. 2014ರ ಜುಲೈನಲ್ಲಿ ಅದರ ಒಂದು ಪರೀಕ್ಷಾ ಕಾರು ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಹೊತ್ತಿ ಉರಿಯಿತು. ಅಪ್ಪ ಗಟ್ಟಿಯಾದ ಜಾಗದಲ್ಲೇ ಮಗನಿಗೆ ಬೆಂಕಿ ಬಿತ್ತು ನೋಡಿ.

2016ರಲ್ಲಿ ಕಾರು ಅಮೆರಿಕದ ಒಹಾಯೊ ರಾಜ್ಯದ ಮೇರಿಸ್‌ವಿಲ್‌ನಲ್ಲಿ, ಅದಕ್ಕೆಂದೇ ಕಟ್ಟಿದ ಕಾರ್ಖಾನೆಯಿಂದ ಹೊರಬಂತು. ಮುಖ್ಯ ಇಂಜಿನಿಯರ್ ಟೆಡ್ ಕ್ಲಾಸ್. ಹೊರರೂಪ ಮಿಶೆಲ್ ಕ್ರಿಸ್ಟೆನ್ಸೆನ್ ಅವರದ್ದು. ಸೂಪರ್ ಕಾರೊಂದರ ಹೊರರೂಪಕ್ಕೆ ಹೆಣ್ಣುಮಗಳು ನೇತೃತ್ವ ವಹಿಸಿದ್ದು ಹೊಸ ಸಂಗತಿ. ಅದಕ್ಕೆ ಸಿಗಬೇಕಾದಷ್ಟು ಮಾತು ಸಿಗಲಿಲ್ಲ ಅನ್ನೋದು ನನ್ನ ಅನಿಸಿಕೆ.

ಇಂಜಿನಿಯರಿಂಗ್ ಲೆಕ್ಕದಲ್ಲಿ ಮಗ ದಡ್ಡನಲ್ಲ, ಅಪ್ಪನಿಗಿಂತ ಬುದ್ಧಿವಂತ. ಇಂಜಿನ್ ಹಿಂದಿನ ಚಕ್ರಗಳನ್ನು ತಿರುಗಿಸುತ್ತೆ, ಅದರ ಜೊತೆ ಒಂದು ಮೋಟಾರು. ಮುಂದಿನ ಎರಡು ಚಕ್ರಗಳಿಗೆ ಒಂದೊಂದು ಮೋಟಾರು, ಅವುಗಳಿಗೂ ಇಂಜಿನ್ನಿಗೂ ಸಂಬಂಧವೇ ಇಲ್ಲ. ಇದರ ಚಮತ್ಕಾರ ಅರ್ಥವಾಗಬೇಕಾದರೆ ಎತ್ತಿನ ಗಾಡಿ ನೆನಪಿಸಿಕೊಳ್ಳಿ. ತಿರುವಿನಲ್ಲಿ ಗಾಡಿ ಹೊಡೆಯುವವನು ಏನು ಮಾಡ್ತಾನೆ? ಒಳಗಿನ ಎತ್ತಿನ ಹಗ್ಗ ಬಿಗಿ ಹಿಡೀತಾನೆ, ಹೊರಗಿನ ಎತ್ತಿಗೆ ಬಾರುಕೋಲು ತಾಗಿಸ್ತಾನೆ. ಗಾಡಿ ತಾನಾಗಿ ತಿರುಗುತ್ತೆ. ಹೊಸ ಎನ್‌ಎಸ್‌ಎಕ್ಸ್ ಮಾಡೋದು ಇದನ್ನೇ. ತಿರುವಿನಲ್ಲಿ ಹೊರಗಿನ ಚಕ್ರದ ಮೋಟಾರು ಮುಂದಕ್ಕೆ ಎಳೆಯುತ್ತೆ, ಒಳಗಿನದು ಹಿಂದಕ್ಕೆ ತಡೆಯುತ್ತೆ. ಚಾಲಕನಿಗೆ ತಾನೇ ಸೆನ್ನಾ ಅನ್ನಿಸಬೇಕು.

ಆದರೆ ಈ ಎಲ್ಲ ಸರಂಜಾಮಿಗೆ ತೂಕ ಇದೆ. ಅಪ್ಪ 1,370 ಕಿಲೋ ಆಸುಪಾಸು, ಮಗ 1,725. ನಡುವಿನ ವ್ಯತ್ಯಾಸ ಐದು ಜನ ದೊಡ್ಡವರು ಹತ್ತಿ ಕೂತಷ್ಟು. ಬೆಲೆ 1,56,000 ಡಾಲರ್. 1990ರ 60,000 ಡಾಲರನ್ನು ಹಣದುಬ್ಬರ ಸೇರಿಸಿ ಲೆಕ್ಕ ಹಾಕಿದರೆ 1,10,000 ಆಗುತ್ತೆ, ಅದಕ್ಕಿಂತಲೂ ಎಷ್ಟೋ ಮೇಲೆ. ಇಷ್ಟು ಕೊಟ್ಟು ಒಳಗೆ ಕೂತರೆ ಆಡಿಯೊ ಪರದೆ ಹೋಂಡಾದ ಮಾಮೂಲಿ ಕಾರುಗಳ ಥರದ್ದೇ, ಶಬ್ದ ಏರಿಸಿ ಇಳಿಸೋಕೆ ತಿರುಗಿಸುವ ಗುಬುಟಿಯೂ ಇಲ್ಲ. ವಿಮರ್ಶಕರು ಅದನ್ನು ಹಿಡಿದು ಜಾಲಾಡಿದರು.

ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಇತ್ತು. ಅಪ್ಪನ ಗುರಿ ಒಂದೇ ಸಾಲಿನದು ಅಂದಿದ್ದೆ. ಮಗನಿಗೆ ಆ ಸಾಲು ಎಲ್ಲಿತ್ತು? ನಂಬಿಕೆಗೆ ಅರ್ಹ, ದಿನಾ ಓಡಿಸಬಹುದಾದ ಸೂಪರ್ ಕಾರು ಅನ್ನೋಣ ಅಂದರೆ 2016ರ ಹೊತ್ತಿಗೆ ಎಲ್ಲರೂ ಹಾಗೇ ಇದ್ದರು. ಪೋರ್ಶೆ 911 ಟರ್ಬೊ ಇತ್ತು, ಔಡಿ ಆರ್8 ಇತ್ತು, ಫೆರಾರಿಯೂ ಸಾಧುವಾಗಿತ್ತು. ಅವರನ್ನೆಲ್ಲ ಆ ದಾರಿಗೆ ಎಳೆದವರಲ್ಲಿ ಇವನ ಅಪ್ಪನೇ ಮುಂದಿನವನು. ಊರಿಗೆಲ್ಲ ಪಾಠ ಹೇಳಿದ ಮೇಷ್ಟ್ರ ಮಗ ಪರೀಕ್ಷೆಗೆ ಕೂತರೆ, ಅಕ್ಕಪಕ್ಕ ಕೂತವರೆಲ್ಲ ಅಪ್ಪನ ಶಿಷ್ಯರೇ! ಹೈಬ್ರಿಡ್ ಅನ್ನೋ ಹೊಸತನ ಹೇಳೋಣ ಅಂದರೆ ಪೋರ್ಶೆ 918, ಮೆಕ್‌ಲಾರೆನ್ ಪಿ1, ಫೆರಾರಿ ಲಾಫೆರಾರಿ 2013ರಲ್ಲೇ ಬಂದು ಹೆಸರು ಮಾಡಿದ್ದವು. ವಿ10 ಯೋಜನೆ ಬಿಟ್ಟು, ಇಂಜಿನ್ ತಿರುಗಿಸಿ, ಮತ್ತೆ ಕಟ್ಟಿ ಕಳೆದ ವರ್ಷಗಳು ಇಲ್ಲಿ ಲೆಕ್ಕಕ್ಕೆ ಬಂದವು.

ಹಾಗಾದರೆ ತೀರ್ಪು ಅಪ್ಪನ ಪರವೇ? ಇಲ್ಲಿ ನಾನು ಸ್ವಲ್ಪ ತಡೆದು ನಿಲ್ತೀನಿ. ಯಾಕಂದ್ರೆ 2019ರಲ್ಲಿ ಫೆರಾರಿ ಎಸ್‌ಎಫ್90 ತಂತು. ನಡುವೆ ಎರಡು ಟರ್ಬೊ ಇಂಜಿನ್, ಅದರ ಜೊತೆ ಒಂದು ಮೋಟಾರು, ಮುಂದಿನ ಚಕ್ರಗಳಿಗೆ ಎರಡು ಮೋಟಾರು. ಎಲ್ಲೋ ಕೇಳಿದ ಹಾಗಿದೆಯಲ್ಲ? 2023ರಲ್ಲಿ ಲ್ಯಾಂಬೊರ್ಗಿನಿ ರೆವುಯೆಲ್ಟೊ ಬಂತು. ವಿ12 ಇಂಜಿನ್, ಮೂರು ಮೋಟಾರು, ಮುಂದೆ ಎರಡು. ಫೆರಾರಿ 296, ಮೆಕ್‌ಲಾರೆನ್ ಆರ್ಟುರಾ ಎರಡರಲ್ಲೂ ಎರಡು ಟರ್ಬೊ ವಿ6, ಜೊತೆಗೆ ವಿದ್ಯುತ್. ಅವರು ಹೋಂಡಾ ನೋಡಿ ನಕಲು ಮಾಡಿದರು ಅಂತ ನಾನು ಹೇಳೋದಿಲ್ಲ, ಅವರವರ ಲೆಕ್ಕ ಅವರವರಿಗೆ ಇದ್ದೇ ಇರುತ್ತೆ. ಆದರೆ 2016ರಲ್ಲಿ ಮೂರು ಮೋಟಾರು ಯಾಕಪ್ಪಾ, ಇದು ಕಾರೋ ಕಂಪ್ಯೂಟರೋ ಅಂತ ಮೂಗು ಮುರಿದ ಮಂದಿಯೇ ಅದನ್ನು ಇಟಲಿಯ ಹೆಸರಿನ ಕೆಳಗೆ ನೋಡಿ ಭವಿಷ್ಯ ಇದೇ ಅಂದರು. ಇದು ನನಗೆ ಕೋಪ ತರಿಸುತ್ತೆ.

2022ರಲ್ಲಿ ಟೈಪ್ ಎಸ್ ಅನ್ನುವ ಕೊನೆಯ ಆವೃತ್ತಿ, 600 ಅಶ್ವಶಕ್ತಿ, ಜಗತ್ತಿಗೆಲ್ಲ ಸೇರಿ 350 ಕಾರು. ಅಷ್ಟಕ್ಕೂ ಗಿರಾಕಿಗಳು ಸಾಲುಗಟ್ಟಿದರು, ನಿಲ್ಲಿಸ್ತೀವಿ ಅಂದ ಮೇಲೆ. ಅದು ಮುಗಿದ ಮೇಲೆ ಮೇರಿಸ್‌ವಿಲ್ಲಿನ ಆ ಕಾರ್ಖಾನೆಗೆ ಹೋಂಡಾ ಬೀಗ ಹಾಕಲಿಲ್ಲ. ಸೂಪರ್ ಕಾರು ಕಟ್ಟುತ್ತಿದ್ದ ಅದೇ ಜಾಗದಲ್ಲಿ 2024ರಲ್ಲಿ ತಯಾರಾಗತೊಡಗಿದ್ದು ಹೈಡ್ರೋಜನ್ ಇಂಧನಕೋಶದ ಸಿಆರ್-ವಿ, ಮಕ್ಕಳನ್ನು ಶಾಲೆಗೆ ಬಿಟ್ಟು ತರಕಾರಿ ತರೋಕೆ ಹೋಗುವ ಕಾರು.